ಚೆಸ್ ಸೆಟ್ ತಗೊಳ್ಳೋದು ಹ್ಯಾಂಗ? ರಾಜನ ಎತ್ತರ, ಚೌಕದ ಅಗಲ, ಮತ್ತ ನಮ್ಮ ಕಡಿ ಬಿಸಿಲು

ಅಂಗಡಿಗೆ ಹೋಗಿ "ಒಂದು ಚೆಸ್ ಬೋರ್ಡ್ ಕೊಡ್ರಿ" ಅಂದ್ರ ಏನ್ ಕೊಡ್ತಾರ ಹೇಳ್ರಿ? ಮಡಚೋ ರಟ್ಟಿನ ಬೋರ್ಡು, ಹಿಂದಿನ ಮಗ್ಗಲಿಗೆ ಲೂಡೋ ಇಲ್ಲಾಂದ್ರ ಹಾವು-ಏಣಿ, ಜೋಡಿ ಒಂದು ಪ್ಯಾಕೆಟ್‌ದಾಗ ಪೊಳ್ಳು ಪ್ಲಾಸ್ಟಿಕ್ ಕಾಯಿ. ಮನಿಗೆ ತಂದು ಫ್ಯಾನ್ ಐದಕ್ಕ ಇಟ್ರ ಪ್ಯಾದೆಗಳು ನಮ್ಮ ಪರ್ಮಿಶನ್ ಇಲ್ಲದೇ ತಾವೇ ನಡೀಲಿಕ್ಕ ಶುರು ಮಾಡ್ತಾವ. ಅಂಗಡಿಯವರ ತಪ್ಪೇನಿಲ್ಲ ಬಿಡ್ರಿ, ನೀವು ಬೋರ್ಡ್ ಕೇಳಿದ್ರಿ, ಅವರು ಬೋರ್ಡ್ ಕೊಟ್ರು. ಗುಕೇಶ್ 2024ರ ಡಿಸೆಂಬರ್‌ದಾಗ ಸಿಂಗಾಪುರದಾಗ ಡಿಂಗ್ ಲಿರೆನ್‌ನ್ನ ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಮ್ಯಾಲ ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡಿನೂ ಮಕ್ಕಳನ್ನ ಚೆಸ್ ಕ್ಲಾಸಿಗೆ ಕಳಿಸೋ ತಾಯಿ-ತಂದಿ ಭಾಳ ಆಗ್ಯಾರ, ಆದ್ರ ಕೋಚ್ "ಮನಿಯಾಗ ಒಂದು ಛಲೋ ಸೆಟ್ ಇರ್ಲಿ" ಅಂದ್ಕೂಡ್ಲೇ ಛಲೋ ಅಂದ್ರ ಯಾವ್ದು, ಕಟ್ಟಿಗಿದಾ, ಮ್ಯಾಗ್ನೆಟ್‌ದಾ, ಗಾಜಿಂದಾ ಅಂತ ಎಲ್ಲಾರೂ ತಲಿ ಕೆರ್ಕೋತಾರ.

ನನ್ನ ಪ್ರಕಾರ ಇದರಾಗ ತಿಳ್ಕೊಳ್ಳೋದು ಒಂದೇ ಅದ. ಆಡೋ ಸೆಟ್ ಬ್ಯಾರೆ, ಶೋಕೇಸಿನಾಗ ಇಡೋ ಸೆಟ್ ಬ್ಯಾರೆ. ಆಡೋ ಸೆಟ್ ಆದ್ರ ಕಾಯಿ ಮತ್ತ ಬೋರ್ಡು ಒಂದಕ್ಕೊಂದು ಅಳತಿ ಕೂಡಬೇಕು, ಅಷ್ಟಾದ್ರ ಉಳಿದದ್ದೆಲ್ಲಾ ರೊಕ್ಕದ ಮಾತು.

ಮೊದಲು: ಎಲ್ಲಿ ಆಡ್ತೀರಿ, ಯಾರು ಆಡ್ತಾರ

ಅಂಗಡಿಗೆ ಹೋಗೋ ಮುಂಚೆ ಇದನ್ನ ಫಿಕ್ಸ್ ಮಾಡ್ಕೋರಿ. ಎಂಟು-ಹತ್ತು ವರ್ಷದ ಹುಡುಗಿ ಟೂರ್ನಮೆಂಟಿಗೆ ಹೋಗೋದಿದ್ರ ಅಲ್ಲಿ ಆಡೋ ಅಳತಿದೇ ಮನಿಯಾಗೂ ಬೇಕು, ಯಾಕಂದ್ರ ಕಣ್ಣು ಅದಕ್ಕ ರೂಢಿ ಆಗ್ತದ, ಸಣ್ಣ ಬೋರ್ಡಿನ ಮ್ಯಾಲ ಕಲ್ತು ದೊಡ್ಡ ಬೋರ್ಡಿನ ಮುಂದ ಕುಂತ್ರ ಆ ಮೂಲಿಯಾಗಿನ ಒಂಟೆ ಕಣ್ಣಿಗೇ ಬೀಳಂಗಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್‌ದಾಗ ಮುಂಬೈಗೋ ಬೆಂಗಳೂರಿಗೋ ಹೋಗುವಾಗ ಟೈಮ್‌ಪಾಸಿಗೆ ಅಂದ್ರ ಮ್ಯಾಗ್ನೆಟ್ ಸೆಟ್ ಸಾಕು. ಅಜ್ಜ ಮೊಮ್ಮಗ ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಆಡೋದಾದ್ರ ಕಾಯಿ ದೊಡ್ಡವಿರ್ಬೇಕು, ಬಣ್ಣ ಎದ್ದು ಕಾಣಬೇಕು, ಅಜ್ಜಗ ಕರಿ ಕುದುರಿ ಕರಿ ಚೌಕದಾಗ ಕಳ್ದು ಹೋಗಬಾರ್ದು.

ಆಕಾರ: ಸ್ಟಾಂಟನ್ ಅಂತ ಕೇಳ್ರಿ

ಟೂರ್ನಮೆಂಟಿನಾಗ ನೋಡೋ ಕಾಯಿಗಳ ಆಕಾರಕ್ಕ ಸ್ಟಾಂಟನ್ ಅಂತಾರ. 1849ರಾಗ ನಥಾನಿಯಲ್ ಕುಕ್ ಅನ್ನೋರು ಇಂಗ್ಲೆಂಡಿನಾಗ ಈ ಡಿಸೈನ್ ರಿಜಿಸ್ಟರ್ ಮಾಡ್ಸಿದ್ರು, ಲಂಡನ್ನಿನ ಜಾಕ್ವಿಸ್ ಕಂಪನಿ ತಯಾರು ಮಾಡ್ತು, ಆ ಕಾಲದ ದೊಡ್ಡ ಆಟಗಾರ ಹೊವಾರ್ಡ್ ಸ್ಟಾಂಟನ್ ತನ್ನ ಹೆಸರು ಕೊಟ್ಟ. ಅದಕ್ಕಿಂತ ಮುಂಚೆ ಒಂದೊಂದು ಊರಿಗೆ ಒಂದೊಂದು ನಮೂನಿ ಕಾಯಿ, ವಜೀರ ಯಾವ್ದು ಒಂಟೆ ಯಾವ್ದು ಅಂತ ಎದುರಿನವ್ರಿಗೆ ಗೊತ್ತಾಗ್ತಿದ್ದಿಲ್ಲ, ಹಂಗಾಗಿ ಜಗಳ. ಸ್ಟಾಂಟನ್‌ದಾಗ ರಾಜನ ತಲಿ ಮ್ಯಾಲ ಶಿಲುಬಿ, ವಜೀರಗ (ರಾಣಿ ಅನ್ನೋರು ರಾಣಿ ಅನ್ರಿ) ಹಲ್ಲು-ಹಲ್ಲಿನ ಕಿರೀಟ, ಒಂಟೆ ತಲಿಗೆ ಒಂದು ಸೀಳು, ಆನಿ ಅಂದ್ರ ಕ್ವಾಟಿ ಬುರುಜು. ಕತ್ತಲದಾಗ ಕೈ ಇಟ್ರೂ ಗೊತ್ತಾಗ್ತದ. ಜಗತ್ತಿನ ಚೆಸ್ ಸಂಸ್ಥೆ ಫಿಡೆ ನಡೆಸೋ ಮ್ಯಾಚಿಗೂ ಇದೇ ಆಕಾರ.

ಹೊಸ್ದಾಗಿ ಕಲಿಯೋ ಮಕ್ಕಳಿಗೆ ಕಾರ್ಟೂನ್ ಕಾಯಿ, ಸಿನಿಮಾ ಹೀರೋಗಳ ಕಾಯಿ ಕೊಡ್ಸೋದು ನನಗ ಸರಿ ಕಾಣಂಗಿಲ್ಲ. ಹುಡುಗ್ರು ಖುಷಿ ಪಡ್ತಾರ ಖರೇ, ಆದ್ರ ಹೊರಗ ಹೋಗಿ ಆಡುವಾಗ ಮತ್ತ ಮೊದಲಿಂದ ಗುರ್ತ ಹಿಡೀಬೇಕಾಗ್ತದ.

ಅಳತಿ: ಇಲ್ಲೇ ಎಲ್ಲಾರೂ ಎಡವೋದು

ಸ್ಕೇಲ್ ತಗೊಂಡು ಹೋಗ್ರಿ, ನಾಚ್ಕೋಬ್ಯಾಡ್ರಿ. ಫಿಡೆ ಹೇಳೋ ಪ್ರಕಾರ ರಾಜನ ಎತ್ತರ 9.5 ಸೆಂಟಿಮೀಟರ್, ವಜೀರ 8.5, ಒಂಟೆ 7, ಕುದುರಿ 6, ಆನಿ 5.5, ಪ್ಯಾದೆ 5. ಸ್ವಲ್ಪ ಹೆಚ್ಚು ಕಡಿಮಿ ನಡೀತದ. ಅಂಗಡ್ಯಾಗ, ಆನ್‌ಲೈನ್‌ದಾಗ ಇದನ್ನ ಇಂಚಿನಾಗ ಬರೀತಾರ, 3.75 ಇಂಚು ಕಿಂಗ್ ಅಂದ್ರ ಇದೇ 9.5 ಸೆಂಟಿಮೀಟರ್. ಕಾಯಿ ಬುಡದ ಅಗಲ ಅದರ ಎತ್ತರದ 40ರಿಂದ 50 ಪರ್ಸೆಂಟ್ ಇರ್ಬೇಕು, ಅದಕ್ಕಿಂತ ಸಣ್ಣ ಬುಡ ಇದ್ರ ಮುಟ್ಟಿದ್ರ ಬೀಳ್ತದ.

ಈಗ ಬೋರ್ಡು. ಒಂದು ಚೌಕ 5ರಿಂದ 6 ಸೆಂಟಿಮೀಟರ್. 3.75 ಇಂಚಿನ ರಾಜಗ ಸರಿಯಾಗಿ ಕೂಡೋದು 2.25 ಇಂಚಿನ ಚೌಕ, ಅಂದ್ರ 5.7 ಸೆಂಟಿಮೀಟರ್, ಎಂಟು ಚೌಕ ಸೇರಿದ್ರ 18 ಇಂಚು, ಸುತ್ತ ಅಂಚು ಹಿಡಿದ್ರ 20 ಇಂಚಿನ ಬೋರ್ಡು. ನೋಡಾಕ ಭಾಳ ದೊಡ್ಡದು ಅನಸ್ತದ, ಟೇಬಲ್ ಮ್ಯಾಲ ಜಾಗ ಅದನೋ ಇಲ್ಲೋ ಅಂತ ಮನಿಯಾಗೇ ನ್ಯೂಸ್‌ಪೇಪರ್ ಮಡಚಿ ಆ ಅಳತಿಗೆ ಹಾಸಿ ನೋಡ್ಕೊಂಡು ಹೋಗ್ರಿ.

ಸ್ಕೇಲ್ ಮರ್ತು ಬಂದ್ರ ಒಂದು ಸರಳ ಪರೀಕ್ಷೆ ಅದ. ಒಂದು ಚೌಕದಾಗ ನಾಕು ಪ್ಯಾದೆ ಒತ್ತೊತ್ತಿ ನಿಲ್ಲಿಸ್ರಿ. ನಾಕೂ ಚೌಕದ ಒಳಗ ಸರಿಯಾಗಿ ಕುಂತ್ರ ಅಳತಿ ಕೂಡೇದ. ಗೆರಿ ದಾಟಿ ಹೊರಗ ಬಂದ್ರ ಚೌಕ ಸಣ್ಣದು, ಮಿಡಲ್ ಗೇಮಿನಾಗ ಕಾಯಿ ಎತ್ತಲಿಕ್ಕ ಹೋಗಿ ಪಕ್ಕದ್ದು ಕೆಡವ್ತೀರಿ. ನಾಕು ನಿಂತೂ ಮಧ್ಯ ಬೆರಳು ಹಾಕೋವಷ್ಟು ಜಾಗ ಉಳಿದ್ರ ಚೌಕ ದೊಡ್ಡದಾಯ್ತು, ಕಾಯಿಗಳು ಮೈದಾನದಾಗ ಒಬ್ಬೊಬ್ರೇ ನಿಂತಂಗ ಕಾಣ್ತಾವ. ಇನ್ನೊಂದು ಲೆಕ್ಕ, ರಾಜನ ಬುಡ ಚೌಕದ ಅಗಲದ ಮುಕ್ಕಾಲು ಭಾಗ ತುಂಬಬೇಕು. ಕಾಂಬೋ ಅಂತ ಬೋರ್ಡು ಕಾಯಿ ಕೂಡ್ಸಿ ಮಾರೋದ್ರಾಗ ಸೈತ ಎಷ್ಟೋ ಸಲ ಈ ಲೆಕ್ಕ ತಪ್ಪಿರ್ತದ, ಅದಕ್ಕ ಡಬ್ಬಿ ಮ್ಯಾಲಿನ ಫೋಟೋ ನಂಬಬ್ಯಾಡ್ರಿ, ತೆಗ್ಸಿ ನೋಡ್ರಿ.

ತೂಕ

ಪ್ಲಾಸ್ಟಿಕ್‌ದಾಗೂ ಎರಡು ಜಾತಿ. ಒಂದು ಪೊಳ್ಳು, ಒಂದು ವೇಟೆಡ್, ಅಂದ್ರ ಬುಡದಾಗ ಕಬ್ಬಿಣದ ತುಂಡೋ ಬ್ಯಾರೆ ಭಾರದ್ದೋ ಇಟ್ಟು ಮುಚ್ಚಿ ಕೆಳಗ ಫೆಲ್ಟ್ ಬಟ್ಟಿ ಅಂಟಿಸಿರ್ತಾರ. ವೇಟೆಡ್ ಕಾಯಿನ ಸ್ವಲ್ಪ ವಾಲಿಸಿ ಬಿಟ್ರ ತಳ್ಳಿದ್ರೂ ಎದ್ದು ನಿಲ್ಲೋ ಜಾತ್ರಿ ಬೊಂಬಿ ಗತೆ ನೆಟ್ಟಗ ನಿಲ್ತದ. ಕೋಚಿಂಗ್ ಕ್ಲಾಸಿಗೆ, ಮನಿಗೆ, ಶಾಲಿಗೆ, ಎಲ್ಲದಕ್ಕೂ ನಾನು ಮೊದಲು ಹೇಳೋದು ಇದನ್ನೇ: ವೇಟೆಡ್ ಪ್ಲಾಸ್ಟಿಕ್, 3.75 ಇಂಚು, ಸುತ್ತೋ ವಿನೈಲ್ (ಮೆತ್ತನ್ನ ಪ್ಲಾಸ್ಟಿಕ್ ಹಾಳಿ) ಬೋರ್ಡು. ಬಿದ್ರ ಮುರಿಯಂಗಿಲ್ಲ, ತೊಳೀಬಹುದು, ಬ್ಯಾಗಿನಾಗ ಹಾಕ್ಕೊಂಡು ಬಸ್ ಹತ್ತಬಹುದು, ರೇಟೂ ಸಾವಿರ ರೂಪಾಯಿ ಆಜೂಬಾಜು ಮುಗೀತದ. ಡಬಲ್ ವೇಟೆಡ್, ಟ್ರಿಪಲ್ ವೇಟೆಡ್ ಅಂತೆಲ್ಲಾ ಬರ್ದಿರ್ತಾರಲ್ಲ, ಅದಕ್ಕ ಒಂದೇ ಅಂತ ಅಳತಿ ಇಲ್ಲ, ಒಬ್ಬ ಕಂಪನಿಯವನ ಡಬಲ್ ಇನ್ನೊಬ್ಬನ ಟ್ರಿಪಲ್‌ಗಿಂತ ಭಾರ ಇರಬಹುದು, ಆ ಹೆಸರಿಗೆ ಬದ್ಲು ಸೆಟ್ಟಿನ ಒಟ್ಟು ತೂಕ ಎಷ್ಟು ಅಂತ ಕೇಳ್ರಿ. ಒಂದು ಕಿಲೋ ಸುತ್ತಮುತ್ತ ಇದ್ರ ಕೈಗೆ ಛಲೋ ಅನಸ್ತದ.

ಒಂದು ಕೆಲಸ ಮರೀಬ್ಯಾಡ್ರಿ. ರಾಜನ್ನ ಕಿವಿ ಹತ್ರ ಹಿಡ್ದು ಅಲ್ಲಾಡಿಸ್ರಿ. ಒಳಗ ಲೊಟಲೊಟ ಸಪ್ಪಳ ಬಂದ್ರ ತೂಕದ ತುಂಡು ಈಗಲೇ ಸಡಿಲಾಗೇದ ಅಂತ ಅರ್ಥ, ಆರ್ ತಿಂಗಳಿಗೆ ಫೆಲ್ಟ್ ಹರ್ಕೊಂಡು ಹೊರಗ ಬೀಳ್ತದ.

ಕಟ್ಟಿಗಿ ಸೆಟ್: ಆಸಿ ಎಲ್ಲಾರಿಗೂ ಅದ

ಕಟ್ಟಿಗಿ ಕಾಯಿ ಕೈಯಾಗ ಹಿಡಿದ್ರ ಆ ಸುಖಾನೇ ಬ್ಯಾರೆ, ಅದ್ರಾಗ ವಾದ ಇಲ್ಲ. ನಮ್ಮ ದೇಶದಾಗ ಇದಕ್ಕ ಹೆಸರಾದ ಊರು ಪಂಜಾಬಿನ ಅಮೃತಸರ, ಅಲ್ಲಿ ಮಾಡಿದ ಸೆಟ್ ಜಗತ್ತಿನ ಭಾಳ ದೇಶಕ್ಕ ಹೋಗ್ತಾವ. ಬಿಳಿ ಕಾಯಿಗೆ ಸಾಮಾನ್ಯವಾಗಿ ಬಾಕ್ಸ್‌ವುಡ್, ಕರಿ ಕಾಯಿಗೆ ಶೀಸಂ, ಬೀಟಿ ಅಂದ್ರ ರೋಸ್‌ವುಡ್, ಇಲ್ಲಾ ಎಬೊನಿ. ಶೀಸಂ ಅಗ್ಗ, ಕಂದು ಬಣ್ಣ, ಮೊದಲನೇ ಕಟ್ಟಿಗಿ ಸೆಟ್ಟಿಗೆ ಅದೇ ಸಾಕು. ಎಬೊನಿ ಎಲ್ಲಕ್ಕಿಂತ ತುಟ್ಟಿ. "ಎಬೊನೈಸ್ಡ್" ಅಂತ ಬರ್ದಿದ್ರ ಅದು ಎಬೊನಿ ಅಲ್ಲ, ಬಾಕ್ಸ್‌ವುಡ್ಡಿಗೇ ಕರಿ ಬಣ್ಣ ಹಚ್ಚಿದ್ದು. ಅದೇನು ಮೋಸ ಅಲ್ಲ, ನೋಡಾಕ ಭಾಳ ಚಂದ ಇರ್ತದ, ಆದ್ರ ಎಬೊನಿ ರೇಟ್ ಕೊಡಬ್ಯಾಡ್ರಿ.

ಕಟ್ಟಿಗಿ ಸೆಟ್ಟಿನ ರೊಕ್ಕ ಎಲ್ಲಾ ಕುದುರಿಯಾಗ ಇರ್ತದ. ರಾಜ, ವಜೀರ, ಪ್ಯಾದೆ ಎಲ್ಲಾ ಲೇತ್ ಮಷಿನ್ ಮ್ಯಾಲ ತಿರುಗಿಸಿ ಮಾಡಬಹುದು, ಕುದುರಿ ಮಾತ್ರ ಕೈಲೇ ಕೆತ್ತಬೇಕು. ಅದಕ್ಕ ಸೆಟ್ ನೋಡುವಾಗ ಮೊದಲು ಕುದುರಿ ಎತ್ರಿ. ಕಣ್ಣು ಎರಡೂ ಕಡಿ ಒಂದೇ ಮಟ್ಟಕ್ಕ ಅವೇನು, ಕುತ್ತಿಗಿ ಕೂದಲಿನ ಗೆರಿ ಒಂದೊಂದಾಗಿ ಬಿಡಿಸಿ ಕೆತ್ತ್ಯಾರೋ ಇಲ್ಲಾ ನಾಕು ಗೀರು ಎಳ್ದು ಬಿಟ್ಟಾರೋ, ದವಡಿ ಕೆಳಗ ಉಳಿ ಒಳಗ ಹೋಗ್ಯಾದೋ ಇಲ್ಲೋ, ನಾಕೂ ಕುದುರಿ ಒಂದೇ ತಾಯಿ ಮಕ್ಕಳಂಗ ಅವೇನು. ಕೆತ್ತನಿ ತೆಳುವಿದ್ದಷ್ಟು ನಾಜೂಕು, ಅದೂ ಗೊತ್ತಿರ್ಲಿ. ನಮ್ಮ ಹಳೇ ಮನಿಗಳ ನೆಲ ಅಂದ್ರ ಶಹಾಬಾದ್ ಫರಸಿ. ಟೇಬಲ್ ಮ್ಯಾಲಿಂದ ಕಟ್ಟಿಗಿ ಕುದುರಿ ಫರಸಿ ಮ್ಯಾಲ ಬಿತ್ತಂದ್ರ ಮೊದಲು ಹೋಗೋದು ಕಿವಿ, ಆಮ್ಯಾಲ ರಾಜನ ತಲಿ ಮ್ಯಾಲಿನ ಶಿಲುಬಿ. ಹಂಗಾಗಿ ಸಣ್ಣ ಮಕ್ಕಳಿದ್ದ ಮನಿಯಾಗ ಕಟ್ಟಿಗಿ ಸೆಟ್ಟು ಕೆಳಗ ಚಾಪಿ ಇಲ್ಲಾ ಜಮಖಾನಿ ಹಾಸಿನೇ ತೆಗೀರಿ.

ಇನ್ನೊಂದು ಶತ್ರು ನಮ್ಮ ಹವಾ. ಏಪ್ರಿಲ್-ಮೇ ತಿಂಗಳದಾಗ ಕಲಬುರಗಿ, ಯಾದಗಿರಿ ಕಡಿ ಬಿಸಿಲು 42 ಡಿಗ್ರಿ ದಾಟ್ತದ, ಗಾಳಿಯಾಗ ಪಸಿ ಅನ್ನೋದೇ ಇರಂಗಿಲ್ಲ, ಕಟ್ಟಿಗಿ ಒಣಗಿ ಕುಗ್ತದ. ಅದ್ರ ಮ್ಯಾಲ ನಾವು ಮನಿಯಾಗ ನೀರಿನ ಕೂಲರ್ ಹಚ್ತೀವಿ, ಅದು ಹಸಿ ಗಾಳಿ ಬಿಡ್ತದ, ಕಟ್ಟಿಗಿ ಹಿಗ್ತದ, ರಾತ್ರಿ ಕರೆಂಟ್ ಹೋದ್ರ ಮತ್ತ ಒಣಗ್ತದ. ಹಿಂಗ ಹಿಗ್ಗಿ ಕುಗ್ಗಿ ಎಬೊನಿಯಂಥ ಗಟ್ಟಿ ಮರ ಸೈತ ಬುಡದಾಗ ಸಣ್ಣ ಸೀಳು ಬಿಡ್ತದ. ಬೀದರ ಎತ್ತರದಾಗ ಇರೋದಕ್ಕ ಅಲ್ಲಿ ಒಂದಿಷ್ಟು ವಾಸಿ. ಕಟ್ಟಿಗಿ ಸೆಟ್ ತಗೊಂಡ್ರ ಕೂಲರ್ ಗಾಳಿ ನೇರ ಬಡಿಯೋ ಜಾಗ, ಕಿಟಕಿ ಬಿಸಿಲು, ಅಡಗಿ ಮನಿ ಅಟ್ಟ ಇವು ಮೂರೂ ಬ್ಯಾಡ, ಮುಚ್ಚಳ ಇರೋ ಡಬ್ಬಿಯಾಗ ಹಾಕಿ ಒಳಗಿನ ಕ್ವಾಣಿ ಕಪಾಟಿನಾಗ ಇಡ್ರಿ. ಕಾರಿನ ಡಿಕ್ಕಿಯಾಗ ಬಿಟ್ಟು ಹೋಗೋದಂತೂ ಕನಸಿನಾಗೂ ಬ್ಯಾಡ. ವರ್ಷಕ್ಕ ಒಂದೆರಡು ಸಲ ಮೆತ್ತನ್ನ ಬಟ್ಟಿಗೆ ಸ್ವಲ್ಪ ಮೇಣದ ಪಾಲಿಶ್ ಹಚ್ಚಿ ಒರಸ್ರಿ, ನೀರು ತಾಗಿಸಬ್ಯಾಡ್ರಿ.

ಚನ್ನಪಟ್ಟಣದ ಅರಗಿನ ಬಣ್ಣದ ಸೆಟ್ಟೂ ಸಿಗ್ತಾವ, ಹಾಲೆ ಮರದ್ದು, ಹಗುರ, ಬಣ್ಣ ಭಾಳ ಚಂದ, ಉಡುಗೊರಿಗೆ ಛಲೋ. ಸೀರಿಯಸ್ಸಾಗಿ ಆಡೋರಿಗೆ ತೂಕ ಕಡಿಮಿ ಅನಸ್ತದ.

ಮ್ಯಾಗ್ನೆಟ್ ಸೆಟ್

ಪ್ರವಾಸಕ್ಕ ಸರಿ, ಕಲಿಕಿಗೆ ಅಲ್ಲ. ಚೌಕ ಸಣ್ಣದು, ಕಾಯಿಗಳೆಲ್ಲಾ ಹೆಚ್ಚೂಕಡಿಮಿ ಒಂದೇ ಎತ್ತರ. ತಗೊಳ್ಳುವಾಗ ಬೋರ್ಡನ್ನ ಕಾಯಿ ಸಮೇತ ತಲಿಕೆಳಗ ಮಾಡಿ ನೋಡ್ರಿ, ಬೀಳದೇ ಇದ್ರ ಮ್ಯಾಗ್ನೆಟ್ ಗಟ್ಟಿ. ಕಾಯಿ ಬುಡಕ್ಕ ಮ್ಯಾಗ್ನೆಟ್ ಬರೀ ಗೋಂದಿಂದ ಅಂಟಿಸಿದ್ದಿದ್ರ ಉಗುರಿಂದ ಕೆರ್ದು ನೋಡ್ರಿ, ಸಲೀಸಾಗಿ ಎದ್ದು ಬಂದ್ರ ಬ್ಯಾಡ. ಕೂಸು ಇರೋ ಮನಿಯಾಗ ಇದು ಚೆಸ್ಸಿನ ಮಾತಲ್ಲ, ದವಾಖಾನಿ ಮಾತು. ಎರಡು ಮ್ಯಾಗ್ನೆಟ್ ನುಂಗಿದ್ರ ಹೊಟ್ಟಿಯಾಗ ಕರುಳಿನ ಎರಡೂ ಕಡಿಂದ ಒಂದಕ್ಕೊಂದು ಅಂಟಿ ಕರುಳಿಗೇ ತೂತು ಬೀಳಬಹುದು, ಹಂಗ ನುಂಗ್ಯಾರ ಅಂತ ಅನುಮಾನ ಬಂದ್ರೂ ಕಾಯ್ಕೋತ ಕುಂಡ್ರದೇ ದವಾಖಾನಿಗೆ ಓಡ್ರಿ.

ಶೋಕೇಸಿನ ಸೆಟ್ಟು: ಗಾಜು, ಹಿತ್ತಾಳಿ, ಕಲ್ಲು, ಬಿದ್ರಿ

ಗಾಜಿನ ಸೆಟ್ಟಿನಾಗ ಒಂದು ಕಡಿ ನುಣ್ಣಗಿನ ಗಾಜು, ಇನ್ನೊಂದು ಕಡಿ ಮಬ್ಬು ಗಾಜು, ಟ್ಯೂಬ್‌ಲೈಟ್ ಕೆಳಗ ಇಟ್ರ ಯಾವ್ದು ಯಾರದು ಅಂತ ದೇವ್ರಿಗೇ ಗೊತ್ತು. ಅಮೃತಶಿಲೆ ಸೆಟ್ಟು ಭಾರ, ಅಂಚು ಸಿಡೀತದ. ಹಿತ್ತಾಳಿದು ಕೈ ಬೆವರಿಗೆ ಕಪ್ಪಾಗ್ತದ. ಆನಿ ದಂತದ ಹಳೇ ಸೆಟ್ ಯಾರರೆ "ನಮ್ಮ ಅಜ್ಜಂದು, ಕಡಿಮಿ ರೇಟಿಗೆ ಕೊಡ್ತೀನಿ" ಅಂತ ತಂದ್ರ ಕೈ ಮುಗ್ದು ಕಳಿಸ್ರಿ, ದಂತದ ವ್ಯಾಪಾರ ಕಾನೂನು ಪ್ರಕಾರ ಅಪರಾಧ, ಮಾರೋದಷ್ಟೇ ಅಲ್ಲ ಕೊಳ್ಳೋದೂ.

ಬಿದ್ರಿ ಮಾತ್ರ ಬ್ಯಾರೆ ಮಾತು, ಅದು ನಮ್ಮ ಮನಿದು. ಜಿಂಕ್‌ದಾಗ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಉಳಿಲೇ ಕೊರ್ದು, ಕೊರ್ದಲ್ಲಿ ಬೆಳ್ಳಿ ತಂತಿ ಬಡ್ದು ಕೂಡಿಸಿ, ಕಡೀಗೆ ಬೀದರ ಕ್ವಾಟಿ ಮಣ್ಣು ಮತ್ತ ನವಸಾಗರ ಕಲಸಿದ ಬಿಸಿ ನೀರಿನಾಗ ಹಾಕ್ತಾರ, ಲೋಹ ಕಾಡಿಗಿ ಗತೆ ಕಪ್ಪಾಗ್ತದ, ಬೆಳ್ಳಿ ಮಾತ್ರ ಬೆಳ್ಳಗೇ ಉಳೀತದ. ಬಿದ್ರಿ ಕೆಲಸದ ಚೆಸ್ ಬೋರ್ಡು ನೋಡಿದ್ರ ಕಣ್ಣು ತೆಗ್ಯಾಕ ಮನಸ್ಸಾಗಂಗಿಲ್ಲ. ಆದ್ರ ಆಡೋಕಂತ ತಗೊಳ್ಳೋರು ಒಂದು ವಿಚಾರ ಮಾಡ್ರಿ: ಬಿದ್ರಿ ಕಾಯಿ ಅಂದ್ರ ಎರಡೂ ಕಡಿದೂ ಮೈ ಕಪ್ಪೇ, ಬರೀ ಬೆಳ್ಳಿ ಹೂಬಳ್ಳಿ ಹೆಚ್ಚು ಕಡಿಮಿ ಇಂದ ಗುರ್ತ ಹಿಡೀಬೇಕು. ಕಾರಿಗರ ಹತ್ರ ಆರ್ಡರ್ ಕೊಟ್ಟು ಮಾಡಿಸೋದಿದ್ರ ಒಂದು ಕಡಿ ಕಾಯಿಗೆ ಮೈತುಂಬ ಬೆಳ್ಳಿ ತಗಡು ಹಾಕ್ಸಿ, ಇನ್ನೊಂದು ಕಡಿಗೆ ಬರೀ ಗೆರಿ ಹಾಕ್ಸ್ರಿ, ಅಂದ್ರ ನೋಡಾಕೂ ಆಯ್ತು, ಹಬ್ಬಕ್ಕೊಮ್ಮೆ ಆಡಾಕೂ ಆಯ್ತು. ರೊಕ್ಕ ಇದ್ದವ್ರು ಸೊಲ್ಲಾಪುರ, ಹೈದರಾಬಾದ್ ಮಾಲ್‌ದಾಗ ಪಾಲಿಶ್ ಕಲ್ಲಿನ ಸೆಟ್ ತಗೊಳ್ಳೋದಕ್ಕಿಂತ ಆ ರೊಕ್ಕ ಬೀದರಕ್ಕ ಕೊಡ್ರಿ ಅನ್ನೋದು ನನ್ನ ಪಕ್ಷಪಾತ, ಒಪ್ಕೋತೀನಿ.

ಬೋರ್ಡು

ವಿನೈಲ್ ಬೋರ್ಡು ಸುತ್ತಿ ಇಡೋದು, ಮಡಚಿ ಇಡೋದಲ್ಲ. ಮಡಚಿದ ಗೆರಿ ಬಿತ್ತಂದ್ರ ಹೋಗಂಗಿಲ್ಲ, ಕಾಯಿ ಅಲ್ಲೇ ವಾಲ್ತದ. ಸುರುಳಿ ಬಿಚ್ಚಿದ್ರೂ ಅಂಚು ಏಳ್ತಿದ್ರ ಉಲ್ಟಾ ಸುತ್ತಿ ಒಂದು ರಾತ್ರಿ ಬಿಡ್ರಿ, ಬಿಸಿಲಿಗೆ ಹಾಕಬ್ಯಾಡ್ರಿ, ನಮ್ಮ ಬಿಸಿಲಿಗೆ ಬಣ್ಣಾನೇ ಹೋಗ್ತದ. ಮೌಸ್‌ಪ್ಯಾಡ್ ತರದ ರಬ್ಬರ್ ಬೋರ್ಡು ಸ್ವಲ್ಪ ತುಟ್ಟಿ, ಆದ್ರ ಚಪ್ಪಟಿಯಾಗಿ ಮಲಗ್ತದ, ಕಾಯಿ ಇಡುವಾಗ ಸಪ್ಪಳ ಇಲ್ಲ. ಹಸಿರು-ಕೆನಿ ಬಣ್ಣ, ಕಂದು-ಕೆನಿ ಬಣ್ಣ ಕಣ್ಣಿಗೆ ಹಿತ. ಮಿಂಚೋ ಪಾಲಿಶ್ ಇದ್ರ ಲೈಟಿನ ಪ್ರತಿಬಿಂಬ ಬಿದ್ದು ಒಂದ್ ತಾಸಿನಾಗ ಕಣ್ಣು ಉರೀತಾವ. ಕಟ್ಟಿಗಿ ಬೋರ್ಡಾದ್ರ ಗಟ್ಟಿ ಹಲಗಿಗಿಂತ ಪ್ಲೈ ಇಲ್ಲಾ ಎಂಡಿಎಫ್ (ಕಟ್ಟಿಗಿ ನಾರು ಒತ್ತಿ ಮಾಡಿದ ಹಲಗಿ) ಮ್ಯಾಲ ತೆಳು ಮರದ ಹಾಳಿ ಅಂಟಿಸಿದ್ದು ನಮ್ಮ ಹವಾಕ್ಕ ಕಡಿಮಿ ಸೊಟ್ಟ ಆಗ್ತದ. ಟೇಬಲ್ ಮ್ಯಾಲ ಇಟ್ಟು ಎದುರುಬದುರು ಮೂಲಿ ಒತ್ರಿ, ತೂಗಾಡಿದ್ರ ಸೊಟ್ಟ ಅದ.

ಅಂಚಿಗೆ ಎ ಇಂದ ಎಚ್, 1ರಿಂದ 8 ಬರ್ದಿರ್ಲೇಬೇಕು, ಇಲ್ಲಾಂದ್ರ ಮಕ್ಕಳು ಮೂವ್ ಬರ್ಯೋದು ಕಲಿಯಂಗಿಲ್ಲ. ಎ1 ಚೌಕ ಕರಿದು ಅದನೋ ನೋಡ್ರಿ. ಅಲಂಕಾರದ ಬೋರ್ಡಿನಾಗ ಇದು ಉಲ್ಟಾ ಛಾಪಾ ಆಗಿರೋದು ಉಂಟು. ಆಡಾಕ ಕುಂತಾಗ ಇಬ್ಬರಿಗೂ ಬಲಗೈ ಮೂಲಿ ಚೌಕ ಬಿಳಿ ಬರ್ಬೇಕು, ವಜೀರ ತನ್ನ ಬಣ್ಣದ ಚೌಕದಾಗ ನಿಲ್ಬೇಕು.

ಶಾಲಿಯವ್ರಿಗೆ ಒಂದು ಐಡಿಯಾ, ಅಂಗಳದಾಗ ಹೆಂಗೂ ಫರಸಿ ಇರ್ತಾವ, ಒಂದು ಫೂಟಿಗಿಂತ ಸ್ವಲ್ಪ ದೊಡ್ಡ ಚೌಕ ಮಾಡಿ ಒಂದು ಬಿಟ್ಟು ಒಂದು ಬಿಳಿ ಬಣ್ಣ ಬಳಿದ್ರ ಎರಡು ಫೂಟಿನ ದೊಡ್ಡ ಪ್ಲಾಸ್ಟಿಕ್ ಕಾಯಿಗಳಿಗೆ ಬೋರ್ಡು ಪುಕಟ ಸಿಕ್ತು.

ಅಂಗಡ್ಯಾಗ ಕಡೀ ಚೆಕಿಂಗ್

ಕಾಯಿ ಎಣಿಸ್ರಿ. 32 ಇರ್ತಾವ, ಆದ್ರ 34 ಇರೋ ಸೆಟ್ ಸಿಕ್ರ ಅದನ್ನೇ ತಗೋರಿ, ಎರಡು ಹೆಚ್ಚಿನ ವಜೀರ ಇರ್ತಾವ. ಪ್ಯಾದೆ ಕಡೀ ಸಾಲು ಮುಟ್ಟಿದಾಗ ನಾವೆಲ್ಲಾ ಆನಿನ ಉಲ್ಟಾ ನಿಲ್ಸಿ ಇದೇ ವಜೀರ ಅಂತ ಆಡೋ ರೂಢಿ ಅದ, ಟೂರ್ನಮೆಂಟಿನಾಗ ಹಂಗ ಮಾಡಿದ್ರ ಅದು ಆನಿ ಅಂತಲೇ ಲೆಕ್ಕ, ಗೆಲ್ಲೋ ಆಟ ಕೈಬಿಟ್ಟು ಹೋಗಬಹುದು, ಹೆಚ್ಚಿನ ವಜೀರ ಇಲ್ಲಾಂದ್ರ ಗಡಿಯಾರ ನಿಲ್ಸಿ ಆರ್ಬಿಟರ್‌ನ್ನ, ಅಂದ್ರ ಆಟದ ತೀರ್ಪುಗಾರನ್ನ ಕರೀಬೇಕು. ಹದಿನಾರೂ ಪ್ಯಾದೆ ಸಾಲಾಗಿ ನಿಲ್ಸಿ ಕಣ್ಣಿನ ಮಟ್ಟಕ್ಕ ಬಗ್ಗಿ ನೋಡ್ರಿ, ಎತ್ತರ ಹೆಚ್ಚು ಕಡಿಮಿ ಇದ್ರ ತಟ್ಟನೆ ಗೊತ್ತಾಗ್ತದ. ಪ್ಲಾಸ್ಟಿಕ್ ಕುದುರಿ ಎರಡು ತುಂಡು ಅಂಟಿಸಿದ್ದಿದ್ರ ಮೂಗಿನ ಮ್ಯಾಲಿನ ಜೋಡಣಿ ಗೆರಿ ಉಗುರಿಗೆ ಸಿಗಬಾರ್ದು.

ಗಡಿಯಾರ, ಎಲೆಕ್ಟ್ರಾನಿಕ್ ಬೋರ್ಡು, ಕಣ್ಣು ಕಾಣದವ್ರ ಸೆಟ್ಟು

ಗಡಿಯಾರ ಶುರುವಿಗೇ ಬ್ಯಾಡ, ಮಗು ಟೂರ್ನಮೆಂಟಿಗೆ ಹೊಂಟಾಗ ತಗೋರಿ. ತಗೊಂಡ್ರ ಡಿಜಿಟಲ್ಲೇ, ಅದೂ ಇನ್ಕ್ರಿಮೆಂಟ್ (ಒಂದೊಂದು ಮೂವಿಗೂ ಒಂದಿಷ್ಟು ಸೆಕೆಂಡ್ ತಾನೇ ಕೂಡ್ಸೋದು) ಇರೋದು. ಈಗ 15 ನಿಮಿಷ ಮತ್ತ ಮೂವಿಗೆ 10 ಸೆಕೆಂಡ್, 3 ನಿಮಿಷ ಮತ್ತ 2 ಸೆಕೆಂಡ್ ಹಿಂಗ ಆಡಿಸ್ತಾರ, ಹಳೇ ಮುಳ್ಳಿನ ಗಡಿಯಾರ ಆ ಸೆಕೆಂಡ್ ಕೂಡ್ಸಂಗಿಲ್ಲ.

ಮೊಬೈಲ್, ಕಂಪ್ಯೂಟರ್‌ಗೆ ಕನೆಕ್ಟ್ ಆಗೋ ಎಲೆಕ್ಟ್ರಾನಿಕ್ ಬೋರ್ಡು ಇಟ್ಟ ಕಾಯಿನ ತಾನೇ ಗುರ್ತ ಹಿಡೀತದ, ದೊಡ್ಡ ಟೂರ್ನಮೆಂಟಿನ ಲೈವ್ ತೋರಿಸೋದು ಇಂಥಾ ಬೋರ್ಡಿಂದನೇ. ಮನಿಗೆ ಇದು ಶೋಕಿ, ಅಷ್ಟು ರೊಕ್ಕ ಇದ್ರ ಒಂದು ವರ್ಷದ ಕೋಚಿಂಗ್ ಫೀ ಕಟ್ರಿ.

ಕಣ್ಣು ಕಾಣದವ್ರಿಗೆ ಬ್ಯಾರೆ ಸೆಟ್ಟೇ ಅದ ಅಂತ ಎಷ್ಟೋ ಮಂದಿಗೆ ಗೊತ್ತಿಲ್ಲ. ಅದರಾಗ ಕರಿ ಚೌಕ ಸ್ವಲ್ಪ ಎತ್ತರ ಇರ್ತಾವ, ಒಂದೊಂದು ಚೌಕದ ನಡುವ ಒಂದು ತೂತು, ಕಾಯಿ ಕೆಳಗ ಮೊಳೆ, ಸಿಗಿಸಿಟ್ರ ಕೈ ಆಡ್ಸಿದ್ರೂ ಬೀಳಂಗಿಲ್ಲ, ಕರಿ ಕಾಯಿಗಳಿಗೆ ಬೆರಳಿಗೆ ಸಿಗೋ ಗುರ್ತು ಇರ್ತದ. ಇಡೀ ಬೋರ್ಡು ಕನಿಷ್ಠ 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಇರ್ಬೇಕು ಅಂತ ಫಿಡೆ ನಿಯಮದಾಗೇ ಅದ. ಕಣ್ಣಿದ್ದವ್ರು ಕಣ್ಣಿಲ್ಲದವ್ರ ಜೋಡಿ ಆಡುವಾಗ ಇಬ್ಬರಿಗೂ ಒಂದೊಂದು ಬೋರ್ಡು, ಮೂವ್ ಬಾಯಿಲೇ ಹೇಳ್ಕೋತ ಆಡ್ತಾರ. ನಿಮ್ಮ ಊರಿನ ಶಾಲಿಯಾಗ ಅಂಥಾ ಮಗು ಒಂದಿದ್ರೂ ಹತ್ತು ಸಾದಾ ಸೆಟ್ಟಿನ ಜೋಡಿ ಇದನ್ನೂ ಒಂದು ತರಸ್ರಿ, ಇಲ್ಲಿ ಅಂಗಡ್ಯಾಗ ಇಟ್ಟಿರಂಗಿಲ್ಲ, ಆರ್ಡರ್ ಕೊಟ್ಟೇ ತರಿಸ್ಬೇಕಾಗ್ತದ.